ಕೈ ಎತ್ತುವ ಮೊದಲೇ ಮುಗಿಯುವ ಕೆಲಸ

"ಅವ್ರು ಎಲ್ಲಾ ಪಾರ್ಟಿಯವ್ರಿಗೂ ಬೇಕಾದವ್ರು ಬಿಡ್ರಿ."

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಒಬ್ಬ ಶಾಸಕರ ಬಗ್ಗೆ ಜನ ಆಡುವ ದೊಡ್ಡ ಮೆಚ್ಚುಗೆಯ ಮಾತು ಇದು. ಈ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ನಮೂನೆಯ ಮನುಷ್ಯರು ಸೇರಿಕೊಂಡಿರುತ್ತಾರೆ. ಯಾವ ಪಕ್ಷದವರ ಮನೆಯ ಮದುವೆಗೂ ಮಣ್ಣಿಗೂ ತಪ್ಪದೆ ಹೋಗುವವರು ಒಬ್ಬರು. ಮೂರು ಪಕ್ಷಗಳ ಚಿಹ್ನೆಯ ಮೇಲೂ ಗೆದ್ದು ಬಂದವರು ಇನ್ನೊಬ್ಬರು. ಎದುರು ಸಾಲಿನವರನ್ನು ಒಪ್ಪಿಸಿ ಕಾಯ್ದೆಯ ಒಂದು ವಾಕ್ಯ ತಿದ್ದಿಸಿದವರು ಮೂರನೆಯವರು. ಮೊದಲ ಇಬ್ಬರು ಊರಿಗೆಲ್ಲ ಗೊತ್ತಿರುತ್ತಾರೆ. ಮೂರನೆಯವರು ಬೇಕೆಂದರೆ ಸದನದ ನಡವಳಿಗಳ ಪುಟ ತಿರುವಬೇಕು. ಈ ಬರಹ ಆ ಮೂರನೆಯವರ ಕಸುಬಿನ ಬಗ್ಗೆ.

ಅಮೆರಿಕದ ಸೆನೆಟರ್ ಒಬ್ಬರು ಎದುರು ಪಕ್ಷದ ವಿಧೇಯಕಕ್ಕೆ ಮತ ಹಾಕಿ ಮರುದಿನವೂ ತಮ್ಮ ಪಕ್ಷದ ಸಾಲಿನಲ್ಲೇ ಕೂರಬಹುದು. ಅವರು ಎಷ್ಟು ಸಲ ಹಾಗೆ ಗೆರೆ ದಾಟಿದರು ಎಂದು ಎಣಿಸಿಯೇ ಅಲ್ಲಿನವರು ಪಕ್ಷ ಮೀರಿದ ರಾಜಕಾರಣವನ್ನು ಅಳೆಯುತ್ತಾರೆ. ನಮ್ಮಲ್ಲಿ ಆ ಅಳತೆಗೋಲು ನಡೆಯುವುದಿಲ್ಲ. 1985ರಲ್ಲಿ 52ನೇ ತಿದ್ದುಪಡಿ ಸಂವಿಧಾನಕ್ಕೆ ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿಯನ್ನು ಸೇರಿಸಿತು. ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಅಂದರೆ ವಿಪ್ ಮೀರಿ ಮತ ಹಾಕಿದರೂ, ಮತ ಹಾಕದೆ ಉಳಿದರೂ, 15 ದಿನದೊಳಗೆ ಪಕ್ಷ ಮನ್ನಿಸದಿದ್ದರೆ ಸದಸ್ಯತ್ವಕ್ಕೇ ಕುತ್ತು. ಶಾಸಕಾಂಗ ಪಕ್ಷದ ಮೂರನೇ ಒಂದು ಭಾಗ ಒಡೆದು ಬಂದರೆ ಮೊದಲು ರಕ್ಷಣೆ ಇತ್ತು. 2003ರ 91ನೇ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಹಾಗಾಗಿ ಕೊನೆಯ ಮತದ ಹೊತ್ತಿಗೆ ನಮ್ಮ ಶಾಸಕರ ಕೈ ಯಾವ ಕಡೆ ಏಳುತ್ತದೆ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ಆದರೆ ಅನುಸೂಚಿಯ ಮಾತನ್ನು ನಿಧಾನವಾಗಿ ಓದಿದರೆ ಒಂದು ಕಿಂಡಿ ಕಾಣುತ್ತದೆ. ನಿರ್ಬಂಧ ಇರುವುದು ಸದನದೊಳಗೆ ಹಾಕುವ ಮತಕ್ಕೆ. ಸಮಿತಿಯ ಕೋಣೆಯಲ್ಲಿ ಆಡುವ ಮಾತಿಗೆ, ಅಲ್ಲಿ ಸೂಚಿಸುವ ತಿದ್ದುಪಡಿಗೆ, ಮಂತ್ರಿಯ ಮೇಜಿನ ಮೇಲೆ ಇಡುವ ಟಿಪ್ಪಣಿಗೆ ಅದು ಹತ್ತುವುದಿಲ್ಲ. ನಮ್ಮ ವ್ಯವಸ್ಥೆಯಲ್ಲಿ ಪಕ್ಷ ಮೀರಿದ ಕೆಲಸವೆಲ್ಲ ಈ ಕಿಂಡಿಯ ಮೂಲಕವೇ ಆಗಬೇಕು. ಅದಕ್ಕೇ ಅದು ಟಿವಿಯಲ್ಲಿ ಕಾಣುವುದಿಲ್ಲ, ಚುನಾವಣೆಯ ಕರಪತ್ರದಲ್ಲಿಯೂ ಬರುವುದಿಲ್ಲ.

ಈ ಕಸುಬು ಹೇಗಿರುತ್ತದೆ ಎಂದು ನೋಡಲು ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರಿಂದ ಶುರುಮಾಡುವುದು ಒಳ್ಳೆಯದು. ಅವರ ಹೆಸರು ಹೇಳಿದರೆ ಜನರಿಗೆ ನೆನಪಾಗುವುದು ಉಪರಾಷ್ಟ್ರಪತಿ ಹುದ್ದೆ, 1977ರಲ್ಲಿ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದದ್ದು. ಅವರ ಜೀವಮಾನದ ಗಟ್ಟಿ ಕೆಲಸ ಅದಕ್ಕೂ 20 ವರ್ಷ ಹಿಂದಿನದು ಎಂಬುದು ನನ್ನ ಅಭಿಪ್ರಾಯ. ಜಮಖಂಡಿ ಪುರಸಭೆಯಿಂದ ಹೊರಟು, ಜಮಖಂಡಿ ಸಂಸ್ಥಾನದ ಮಂತ್ರಿಯಾಗಿ, ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಅಲ್ಲಿನ ಸರ್ಕಾರದಲ್ಲಿ ದುಡಿದು, 1956ರಲ್ಲಿ ಏಕೀಕರಣವಾದಾಗ ಅವರು ಮೈಸೂರು ವಿಧಾನಸಭೆಗೆ ಬಂದರು. ಬಂದವರಿಗೆ ಸಿಕ್ಕ ಹೊಣೆ ಭೂ ಸುಧಾರಣಾ ಸಮಿತಿಯ ಅಧ್ಯಕ್ಷತೆ.

ಆ ಹೊಣೆ ಎಷ್ಟು ತೊಡಕಿನದಾಗಿತ್ತು ಎಂದು ತಿಳಿಯಲು ಆಗಿನ ಗೇಣಿ ಕಾನೂನುಗಳನ್ನು ಸಾಲಾಗಿ ಇಟ್ಟು ನೋಡಬೇಕು. ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರದ ಕಡೆ 1948ರ ಮುಂಬಯಿ ಗೇಣಿ ಕಾಯ್ದೆ. ಕಲಬುರಗಿ, ರಾಯಚೂರು, ಬೀದರ ಕಡೆ 1950ರ ಹೈದರಾಬಾದ್ ಗೇಣಿ ಕಾಯ್ದೆ. ಹಳೇ ಮೈಸೂರಿಗೆ ಒಂದು, ಮದರಾಸು ಪ್ರಾಂತದಿಂದ ಬಂದ ಭಾಗಕ್ಕೆ ಇನ್ನೊಂದು, ಕೊಡಗಿಗೆ ಮತ್ತೊಂದು. ಗೇಣಿದಾರ ಎಂದರೆ ಯಾರು, ಗೇಣಿ ಎಷ್ಟು, ಒಡೆಯ ಯಾವ ಕಾರಣಕ್ಕೆ ಬಿಡಿಸಬಹುದು ಎಂಬ ಮೂರು ಪ್ರಶ್ನೆಗೆ ಒಂದೇ ರಾಜ್ಯದೊಳಗೆ ಐದು ಉತ್ತರ. ಇದರ ಬಿಸಿ ಈ ಭಾಗಕ್ಕೆ ಹೆಚ್ಚು ತಟ್ಟಿತು. ಮುಂಬಯಿ ರಾಜ್ಯದಲ್ಲಿ 1957ರ ಏಪ್ರಿಲ್ 1 ಉಳುವವರ ದಿನ; ಆ ದಿನ ಗೇಣಿದಾರನನ್ನು ಹೊಲದ ಖರೀದಿದಾರ ಎಂದು ಕಾನೂನೇ ಎಣಿಸಿತು. ಇಲ್ಲಿನ ಜಿಲ್ಲೆಗಳು 1956ರ ನವೆಂಬರ್ 1ಕ್ಕೇ ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು. ಐದು ತಿಂಗಳ ಅಂತರದಲ್ಲಿ ಆ ದಿನದ ಫಲ ಗಡಿಯ ಈಚೆಯ ರೈತನ ಕೈತಪ್ಪಿತು.

1957ರ ಚುನಾವಣೆಯಲ್ಲಿ 208 ಸ್ಥಾನಗಳಲ್ಲಿ ಕಾಂಗ್ರೆಸ್ 150 ಗೆದ್ದಿತ್ತು. ಅಂಥ ಬಹುಮತವಿದ್ದಾಗ ವಿರೋಧ ಪಕ್ಷದ ಒಪ್ಪಿಗೆ ಯಾಕೆ ಬೇಕು ಎಂದು ಕೇಳಬಹುದು. ಭೂಮಿಯ ವಿಷಯದಲ್ಲಿ ಗೆರೆ ಪಕ್ಷಗಳ ನಡುವೆ ಇರಲಿಲ್ಲ, ಪಕ್ಷದೊಳಗೇ ಇತ್ತು. ನೂರಾರು ಎಕರೆಯ ಒಡೆಯರು ಆಡಳಿತ ಪಕ್ಷದ ಸಾಲಿನಲ್ಲೇ ಕೂತಿದ್ದರು. ಉಳುವವನಿಗೇ ಹೊಲ ಎನ್ನುವ ಕೂಗು 1951ರ ಕಾಗೋಡು ಸತ್ಯಾಗ್ರಹದಿಂದ ಎದ್ದು ಸಮಾಜವಾದಿಗಳ ಬೆಂಚಿನಿಂದ ಬರುತ್ತಿತ್ತು. ಸಮಿತಿ ಈ ಎರಡರ ನಡುವೆ ದಾರಿ ಹುಡುಕಬೇಕಾಯಿತು. 1958ರ ಮೇ ತಿಂಗಳಲ್ಲಿ ಜತ್ತಿಯವರೇ ಮುಖ್ಯಮಂತ್ರಿಯಾದರು. ಸಮಿತಿಯ ಕೆಲಸದ ತಳಹದಿಯ ಮೇಲೆ 1961ರ ಭೂ ಸುಧಾರಣಾ ಕಾಯ್ದೆ ಎದ್ದಿತು. ಅದರಲ್ಲಿ ಒಡೆಯನು ಸ್ವಂತ ಸಾಗುವಳಿಗೆಂದು ಗೇಣಿ ಜಮೀನಿನ ಒಂದು ಭಾಗ ಬಿಡಿಸಿಕೊಳ್ಳಲು ಅವಕಾಶ ಉಳಿಯಿತು. ಇದು ರಾಜಿಯ ಬೆಲೆ. ದೊಡ್ಡ ಬೆಲೆಯೇ, ಮತ್ತು ಅದನ್ನು ತೆತ್ತವನು ಗೇಣಿದಾರ.

ಇನ್ನೂ ಒಂದು ಬೆಲೆ ಇದೆ, ಅದು ಕಾಲದ್ದು. ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸಮಿತಿ ಕೂತಾಗಿನಿಂದ ಲೆಕ್ಕ ಹಾಕಿದರೆ ಎಂಟು ವರ್ಷ. ಅಷ್ಟರಲ್ಲಿ ಎಷ್ಟು ಗೇಣಿ ಒಪ್ಪಂದಗಳು ಬಾಯಿಮಾತಿಗೆ ಇಳಿದವು, ಎಷ್ಟು ಹೊಲಗಳು ಅಣ್ಣತಮ್ಮಂದಿರ ಹೆಸರಿಗೆ ಹಂಚಿಹೋದವು ಎಂದು ಊಹಿಸುವುದು ಕಷ್ಟವಲ್ಲ. ಮುಂದೆ ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿ ವಿಧೇಯಕ ಎರಡೂ ಸದನಗಳ ಜಂಟಿ ಸಮಿತಿಯ ಕೈದಾಟಿ ಬಂತು, 1974ರ ಮಾರ್ಚ್ 1ರಂದು ಜಾರಿಯಾಯಿತು. ಆ ದಿನಕ್ಕೆ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಜಮೀನಿಗೆ ಮಿತಿ 10 ಯೂನಿಟ್; ಯೂನಿಟ್ಟಿಗೆ ಎಷ್ಟು ಎಕರೆ ಎಂಬುದು ಜಮೀನಿನ ದರ್ಜೆಯ ಮೇಲೆ. ಮಳೆಯಾಶ್ರಿತ ಕೆಳದರ್ಜೆಯ ಜಮೀನಾದರೆ 54 ಎಕರೆ. ತಾಲ್ಲೂಕಿನ ಭೂ ನ್ಯಾಯಮಂಡಳಿಗೆ ಸಹಾಯಕ ಆಯುಕ್ತರು ಅಧ್ಯಕ್ಷರು, ಜೊತೆಗೆ ನಾಲ್ವರು ನಾಮಕರಣಗೊಂಡ ಸದಸ್ಯರು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಬೇಕು. ಮೊದಲು ಕೊಟ್ಟ ಗಡುವು ಸಾಲದೆ ಅದನ್ನು 1979ರ ಜೂನ್ 30ರವರೆಗೆ ಹಿಗ್ಗಿಸಬೇಕಾಯಿತು.

ಕೂಗು ಸಮಾಜವಾದಿಗಳದ್ದು, ಮೊದಲ ಕರಡು ಜತ್ತಿಯವರ ಸಮಿತಿಯದ್ದು, ಹಲ್ಲು ಬಂದದ್ದು ಅರಸರ ಕಾಲದಲ್ಲಿ. ಒಬ್ಬರು ಅರ್ಧಕ್ಕೆ ಬಿಟ್ಟದ್ದನ್ನು ಅವರ ಎದುರಾಳಿಗಳು ಎತ್ತಿಕೊಂಡು ಮುಂದೆ ಒಯ್ದದ್ದು. ಪಕ್ಷ ಮೀರಿದ ನೀತಿ ನಮ್ಮ ನೆಲದಲ್ಲಿ ಬೆಳೆದದ್ದು ಹೆಚ್ಚಾಗಿ ಹೀಗೆಯೇ: ಒಂದೇ ದಿನ ಎಲ್ಲರೂ ಕೈ ಎತ್ತಿ ಅಲ್ಲ, 20-25 ವರ್ಷ ಒಬ್ಬರ ಕಡತ ಇನ್ನೊಬ್ಬರ ಕೈಗೆ ಹೋಗುತ್ತ.

ಅದೇ ಕಾಲದ ಎಸ್.ಆರ್. ಕಂಠಿಯವರ ಹೆಸರನ್ನೂ ಇಲ್ಲಿ ಹೇಳಬೇಕು. ಹುನಗುಂದದ ಶಾಸಕರು, ಜತ್ತಿಯವರು ಮುಖ್ಯಮಂತ್ರಿಯಾಗಿದ್ದಾಗ ಸಭಾಧ್ಯಕ್ಷರು. 1962ರಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಾಗ ಮುಖ್ಯಮಂತ್ರಿ ಸ್ಥಾನ ಕಂಠಿಯವರಿಗೆ ಬಂತು. ಮಾರ್ಚಿನಿಂದ ಜೂನ್‌ವರೆಗೆ ಅದನ್ನು ನಡೆಸಿ, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆಯ್ಕೆಯಾಗಿ ಬಂದ ಮೇಲೆ ಅವರಿಗೇ ಬಿಟ್ಟುಕೊಟ್ಟರು. ಆಮೇಲೆ ಅವರದೇ ಸಂಪುಟದಲ್ಲಿ ಶಿಕ್ಷಣ ಮಂತ್ರಿಯಾಗಿ ದುಡಿದರು. 1963ರಲ್ಲಿ ಶುರುವಾದ ವಿಜಯಪುರದ ಸೈನಿಕ ಶಾಲೆ ಆ ಕಾಲದ್ದು. ಸಭಾಧ್ಯಕ್ಷರ ಪೀಠದಲ್ಲಿ ಕೂತು ಬಂದವರಿಗೆ ಎರಡೂ ಸಾಲಿನ ಮುಖಪರಿಚಯ ಇರುತ್ತದೆ. ಮುಂದೆ ಮಂತ್ರಿಯಾದಾಗ ಯಾರ ಬಳಿ ಯಾವ ಮಾತನ್ನು ಹೇಗೆ ಎತ್ತಬೇಕೆಂಬುದು ಗೊತ್ತಿರುತ್ತದೆ.

ಈಗಿನ ಕಾಲಕ್ಕೆ ಬರೋಣ. ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲ ಕಳೆದುಕೊಳ್ಳುವ ಬಾಗಲಕೋಟೆಯ ರೈತನಿಗೂ, ಹಲಗಾ–ಮಚ್ಛೆ ಬೈಪಾಸಿನ ಗೆರೆಯಲ್ಲಿ ಹೊಲ ಸಿಕ್ಕಿಕೊಂಡ ಬೆಳಗಾವಿಯ ರೈತನಿಗೂ ಪರಿಹಾರದ ಲೆಕ್ಕ ಎಲ್ಲಿಂದ ಬರುತ್ತದೆ? 2013ರ ಭೂಸ್ವಾಧೀನ ಕಾಯ್ದೆಯಿಂದ. ಪಕ್ಷ ಮೀರಿದ ಶಾಸನ ರಚನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇತ್ತೀಚೆಗೆ ಸಿಗುವುದಿಲ್ಲ. ವಿಧೇಯಕ ತಂದದ್ದು ಕಾಂಗ್ರೆಸ್ ಸರ್ಕಾರದ ಮಂತ್ರಿ ಜೈರಾಮ್ ರಮೇಶ್, 2011ರ ಸೆಪ್ಟೆಂಬರಿನಲ್ಲಿ. ಅದು ಹೋದದ್ದು ಗ್ರಾಮೀಣಾಭಿವೃದ್ಧಿಯ ಸ್ಥಾಯಿ ಸಮಿತಿಗೆ. ಅಧ್ಯಕ್ಷರು ಬಿಜೆಪಿಯ ಸುಮಿತ್ರಾ ಮಹಾಜನ್. 2012ರ ಮೇ ತಿಂಗಳಲ್ಲಿ ವರದಿ ಬಂತು. ಹೆದ್ದಾರಿ, ರೈಲ್ವೆ ಮೊದಲಾದ ಪ್ರತ್ಯೇಕ ಕಾಯ್ದೆಗಳಡಿ ಜಮೀನು ಹಿಡಿದರೆ ಹೊಸ ಕಾನೂನು ಅನ್ವಯಿಸದಂತೆ ಮೂಲ ವಿಧೇಯಕ ಬಾಗಿಲು ತೆರೆದಿಟ್ಟಿತ್ತು. ಸಮಿತಿ ಅದನ್ನು ಹಿಡಿದು ತೋರಿಸಿತು. ಕೊನೆಗೆ 105ನೇ ಪ್ರಕರಣದಲ್ಲಿ (ಸೆಕ್ಷನ್) ಮೂರನೇ ಉಪಪ್ರಕರಣ ಬಂದು, ಅಂಥ 13 ಕಾಯ್ದೆಗಳಿಗೂ ಪರಿಹಾರದ ನಿಯಮಗಳನ್ನು ಒಂದು ವರ್ಷದೊಳಗೆ ಅನ್ವಯಿಸಬೇಕು ಎಂದಾಯಿತು. 2013ರ ಆಗಸ್ಟ್ 29ರಂದು ಲೋಕಸಭೆ 216–19 ಮತಗಳಿಂದ ಅದನ್ನು ಒಪ್ಪಿತು, 2014ರ ಜನವರಿ 1ಕ್ಕೆ ಜಾರಿಯಾಯಿತು.

ಆ ಒಂದು ಉಪಪ್ರಕರಣದ ತೂಕ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಎಕರೆಗೆ ಮಾರುಕಟ್ಟೆ ಬೆಲೆ 10 ಲಕ್ಷ ಎಂದು ಇಟ್ಟುಕೊಳ್ಳೋಣ. 1894ರ ಹಳೇ ಕಾಯ್ದೆಯಲ್ಲಿ ಸೊಲೇಶಿಯಂ, ಅಂದರೆ ಬಲವಂತದ ಸ್ವಾಧೀನಕ್ಕೆಂದು ಬೆಲೆಯ ಮೇಲೆ ಕೊಡುವ ಹೆಚ್ಚುವರಿ ಮೊತ್ತ, ಶೇ 30, ಅಂದರೆ 13 ಲಕ್ಷ. ಹೊಸ ಕಾಯ್ದೆಯಲ್ಲಿ ಗ್ರಾಮೀಣ ಜಮೀನಿಗೆ ಗುಣಾಂಕ 1ರಿಂದ 2, 1.5 ಹಿಡಿದರೆ 15 ಲಕ್ಷ. ಅದರ ಮೇಲೆ ಸೊಲೇಶಿಯಂ ನೂರಕ್ಕೆ ನೂರು, ಒಟ್ಟು 30 ಲಕ್ಷ. ಅಧಿಸೂಚನೆಯಾದ ಮೇಲೆ ಪರಿಹಾರ ಗೊತ್ತುಮಾಡುವ ಐತೀರ್ಪು ಬರುವವರೆಗೆ, ಇಲ್ಲವೇ ಜಮೀನು ವಶಕ್ಕೆ ಪಡೆಯುವವರೆಗೆ, ಮೂಲ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇ 12 ಬೇರೆ. ಹೆದ್ದಾರಿಗೆ ಹೊಲ ಬಿಟ್ಟವನು 105ನೇ ಪ್ರಕರಣದ ಆ ಉಪಪ್ರಕರಣ ಇಲ್ಲದಿದ್ದರೆ ಈ ಲೆಕ್ಕದ ಹೊರಗೇ ಉಳಿಯುತ್ತಿದ್ದ.

ತೊಡಕು ಶುರುವಾಗುವುದು ಮೂಲ ಬೆಲೆ ಎಷ್ಟು ಎಂಬಲ್ಲಿ. ನೋಂದಣಿ ಕಚೇರಿಯಲ್ಲಿ ದಾಖಲಾದ ಕ್ರಯಪತ್ರಗಳ ಸರಾಸರಿ ತೆಗೆಯುತ್ತಾರೆ. ಮುದ್ರಾಂಕ ಶುಲ್ಕ ಉಳಿಸಲು ಊರವರು ಕಡಿಮೆ ಬೆಲೆ ಬರೆಸಿರುತ್ತಾರೆ, ಆ ಕಡಿಮೆ ಬೆಲೆಯೇ ಮುಂದೆ ನೆರೆಹೊಲದವನ ಪರಿಹಾರವನ್ನು ಜಗ್ಗುತ್ತದೆ. ಆಗ ರೈತ ಕೋರ್ಟಿಗೆ ಹೋಗುತ್ತಾನೆ, ವರ್ಷಗಟ್ಟಲೆ ಬಡ್ಡಿ ಬೆಳೆಯುತ್ತದೆ. ಆಲಮಟ್ಟಿಯನ್ನು 519.60 ಮೀಟರಿನಿಂದ 524.256 ಮೀಟರಿಗೆ ಎತ್ತರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಆ ಮುಳುಗಡೆ ಜಮೀನಿಗೆ ನೀರಾವರಿ ಎಕರೆಗೆ 40 ಲಕ್ಷ, ಒಣಬೇಸಾಯದ ಎಕರೆಗೆ 30 ಲಕ್ಷ ಎಂದು ರಾಜ್ಯ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಒಪ್ಪಂದದ ದರ ಗೊತ್ತುಮಾಡಿತು. ಇಂಥ ಯೋಜನೆ ನಾಲ್ಕೈದು ಸರ್ಕಾರಗಳ ಕಾಲ ನಡೆಯುತ್ತದೆ. ಇಂದಿನ ವಿರೋಧ ಪಕ್ಷ ದರಕ್ಕೆ ಒಪ್ಪದಿದ್ದರೆ ಮುಂದಿನ ಸರ್ಕಾರ ಬಂದಾಗ ಕಡತ ಮತ್ತೆ ಮೊದಲಿನಿಂದ ಶುರು, ಸಂತ್ರಸ್ತರ ಊರಿಗೆ ಇನ್ನೊಂದು ಐದು ವರ್ಷ ತೂಗುಯ್ಯಾಲೆ. ಈ ಎರಡು ಜಿಲ್ಲೆಗಳ ಶಾಸಕರು ಪಕ್ಷ ಬಿಟ್ಟು ಕೂತು ಮಾತಾಡಬೇಕಾದ ವಿಷಯ ಒಂದಿದ್ದರೆ ಅದು ಇದೇ.

ಇನ್ನು ಕಬ್ಬು. ಇಲ್ಲಿ ಪಕ್ಷ ಮೀರಿದ ಒಗ್ಗಟ್ಟಿಗೆ ಇನ್ನೊಂದು ಮುಖವಿದೆ. ಸಕ್ಕರೆ ಕಾರ್ಖಾನೆ ನಡೆಸುವವರು ಎಲ್ಲ ದೊಡ್ಡ ಪಕ್ಷಗಳಲ್ಲೂ ಇದ್ದಾರೆ. ಆದ್ದರಿಂದ ಎರಡೂ ಸಾಲಿನವರು ಸುಮ್ಮನೆ ಒಪ್ಪಿಕೊಂಡ ಸಂಗತಿ ಎಲ್ಲ ಸಲವೂ ರೈತನ ಪರವೇ ಇರುತ್ತದೆ ಎನ್ನಲಾಗದು. 2025–26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಬೆಲೆ, ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ, ಇಳುವರಿ 0.1 ಏರಿದಂತೆ 3.46 ರೂಪಾಯಿ ಹೆಚ್ಚು. ಶೇ 11.25 ಬಂದರೆ ಟನ್ನಿಗೆ 3,896 ರೂಪಾಯಿ ಆಗುತ್ತದೆ. ಇದರಲ್ಲಿ ಕಟಾವು, ಸಾಗಾಣಿಕೆ ಕಳೆದು ಉಳಿದದ್ದು ರೈತನ ಖಾತೆಗೆ. ಜಗಳವೆಲ್ಲ ಎರಡು ಕಡೆ: ಇಳುವರಿ ಅಳೆದವರು ಯಾರು, ಕಳೆದ ಮೊತ್ತ ಎಷ್ಟು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಶೇ 15 ಬಡ್ಡಿ. ಬಡ್ಡಿ ಕಾಗದದ ಮೇಲಿದೆ. ಲೆಕ್ಕ ಹಾಕಿ ವಸೂಲು ಮಾಡಿಸುವ ಹೊಣೆ ಇಂಥ ಅಧಿಕಾರಿಯದೇ ಎಂದು ಬಿಗಿಯಾಗಿ ಬರೆಯದಿದ್ದರೆ ಅದು ಅಲ್ಲೇ ಇರುತ್ತದೆ.

ಕಾನೂನು ಬರೆಯುವವರ ಕೈಚಳಕ ಬೇಕಾಗುವುದು ಇಲ್ಲಿ. "ಆಯುಕ್ತರು ವಸೂಲು ಮಾಡಬಹುದು" ಎಂಬುದಕ್ಕೂ "ಆಯುಕ್ತರು 30 ದಿನದೊಳಗೆ ವಸೂಲು ಮಾಡತಕ್ಕದ್ದು" ಎಂಬುದಕ್ಕೂ ನಡುವೆ ಒಂದು ಹಂಗಾಮಿನ ಬಾಕಿ ಬಿದ್ದಿರುತ್ತದೆ. ರಾಜ್ಯದಲ್ಲಿ 2013ರ ಕಬ್ಬು ಖರೀದಿ ಮತ್ತು ಪೂರೈಕೆ ನಿಯಂತ್ರಣ ಕಾಯ್ದೆ ಇದೆ. ಕಬ್ಬಿನ ಬೆಲೆ ಸಮವರ್ತಿ ಪಟ್ಟಿಯ ವಿಷಯ. ಕೇಂದ್ರ ನಿಗದಿ ಮಾಡಿದ ಬೆಲೆಗಿಂತ ಹೆಚ್ಚಿನ ಬೆಲೆಯನ್ನು ರಾಜ್ಯ ಗೊತ್ತುಮಾಡಬಹುದು ಎಂದು ಸುಪ್ರೀಂ ಕೋರ್ಟಿನ ಐವರ ಪೀಠ 2020ರ ಏಪ್ರಿಲಿನಲ್ಲಿ ಹೇಳಿದೆ. ಅಧಿಕಾರ ಇಲ್ಲ ಎಂಬ ನೆವಕ್ಕೆ ಈಗ ಜಾಗವಿಲ್ಲ.

ಹಾಗಾದರೆ ವಿರೋಧ ಪಕ್ಷದ ಒಬ್ಬ ಶಾಸಕರು ಅಂಥ ಒಂದು ಪದ ಬದಲಿಸಬೇಕೆಂದರೆ ಏನು ಮಾಡಬೇಕು? ಖಾಸಗಿ ವಿಧೇಯಕ ತರುವುದು ಹೆಚ್ಚಿನವರಿಗೆ ಮೊದಲು ಹೊಳೆಯುವ ದಾರಿ. ಅದು ಬೇಗ ಮುಚ್ಚಿಹೋಗುತ್ತದೆ. ಸಂವಿಧಾನದ 207ನೇ ಅನುಚ್ಛೇದದ ಮೂರನೇ ಖಂಡದ ಪ್ರಕಾರ ರಾಜ್ಯದ ಸಂಚಿತ ನಿಧಿಯಿಂದ ಖರ್ಚು ಬೀಳಿಸುವ ವಿಧೇಯಕವನ್ನು ರಾಜ್ಯಪಾಲರ ಶಿಫಾರಸಿಲ್ಲದೆ ಅಂಗೀಕರಿಸುವಂತಿಲ್ಲ, ಆ ಶಿಫಾರಸು ಬರುವುದು ಸರ್ಕಾರದ ಸಲಹೆಯ ಮೇಲೆ. ಒಂದು ಹೊಸ ಮಂಡಳಿ, ನಾಲ್ಕು ತನಿಖಾಧಿಕಾರಿಗಳ ಹುದ್ದೆ ಎಂದು ಬರೆದರೂ ಖರ್ಚು ಬಂತು. ಅನುಭವಸ್ಥರು ಆದ್ದರಿಂದ ಸರ್ಕಾರಿ ವಿಧೇಯಕ ಬರುವುದನ್ನೇ ಕಾಯುತ್ತಾರೆ. ಪ್ರತಿ ಕೈಗೆ ಬಂದ ರಾತ್ರಿಯೇ ಓದುತ್ತಾರೆ. ಎಷ್ಟನೇ ಖಂಡ, ಎಷ್ಟನೇ ಉಪಖಂಡ, ಯಾವ ಪದ ತೆಗೆದು ಯಾವ ಪದ ಇಡಬೇಕು ಎಂದು ಬರೆದು ಸೂಚನೆ ಕೊಡುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಮುಂದಿನ ಹೆಜ್ಜೆ: ಅದೇ ಕಾಗದವನ್ನು ಮೊದಲೇ ಮಂತ್ರಿಗೂ ಇಲಾಖೆಯ ಕಾರ್ಯದರ್ಶಿಗೂ ತೋರಿಸುತ್ತಾರೆ. ಇಲಾಖೆ ಒಪ್ಪಿದರೆ ಮಂತ್ರಿಯೇ ಅದನ್ನು ಸರ್ಕಾರದ ತಿದ್ದುಪಡಿಯಾಗಿ ಮಂಡಿಸುತ್ತಾರೆ, ಧ್ವನಿಮತದಲ್ಲಿ ಹೋಗಿಬಿಡುತ್ತದೆ. ಪದ ಬದಲಾಗುತ್ತದೆ, ಹೆಸರು ಮಂತ್ರಿಯದಾಗುತ್ತದೆ. ಹೆಸರನ್ನು ಹೀಗೆ ಬಿಟ್ಟುಕೊಡಲು ಒಪ್ಪುವವರು ಕಡಿಮೆ. ಅದಕ್ಕೇ ಈ ಕೆಲಸ ಮಾಡುವವರೂ ಕಡಿಮೆ.

ವಿಧೇಯಕ ದೊಡ್ಡದಿದ್ದರೆ ಅದನ್ನು ಜಂಟಿ ಸಮಿತಿಗೆ ಒಪ್ಪಿಸಿ ಎಂದು ಒತ್ತಾಯಿಸುವುದು ಇನ್ನೊಂದು ದಾರಿ. 2024ರ ಜುಲೈನಲ್ಲಿ ಮಂಡನೆಯಾದ ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕ ಹಾಗೆ ಸಮಿತಿಗೆ ಹೋಯಿತು. 2025ರ ಫೆಬ್ರುವರಿಯಲ್ಲಿ ವರದಿ, ಮಾರ್ಚಿನಲ್ಲಿ ಅಂಗೀಕಾರ. ರಾಜಧಾನಿಯ ವಿಧೇಯಕಕ್ಕೆ ಸಿಕ್ಕ ಆ ಏಳು ತಿಂಗಳು ಕಬ್ಬಿಗೂ ಕೃಷ್ಣೆಗೂ ಸಿಗಬೇಕು ಎಂದು ಕೇಳುವುದು ನ್ಯಾಯ.

ಬೆಳಗಾವಿಯ ಅಧಿವೇಶನ ಆ ಕೇಳ್ವಿಗೆ ತಕ್ಕ ಜಾಗವಾಗಬೇಕಿತ್ತು. 2006ರಲ್ಲಿ ಮೊದಲ ಸಲ ಇಲ್ಲಿ ಸದನ ಸೇರಿತು. ಹಲಗಾದ ಹತ್ತಿರ ಹೆದ್ದಾರಿಯ ಪಕ್ಕ ಕಟ್ಟಿದ ಸುವರ್ಣ ವಿಧಾನಸೌಧ 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾಯಿತು. ಚಳಿಗಾಲದಲ್ಲಿ ಸಿಗುವುದು ಸುಮಾರು ಹತ್ತು ದಿನ. ಸಂತಾಪ ಸೂಚನೆ, ನಿಲುವಳಿ ಸೂಚನೆಯ ಜಗ್ಗಾಟ, ಸದನದ ಬಾವಿಗಿಳಿದು ಘೋಷಣೆ ಎಂದು ಮೊದಲ ದಿನಗಳು ಸವೆಯುತ್ತವೆ. ಉತ್ತರ ಕರ್ನಾಟಕದ ಚರ್ಚೆ ಕೊನೆಯ ಎರಡು ದಿನಕ್ಕೆ ಬಂದು ನಿಲ್ಲುವ ಹೊತ್ತಿಗೆ ಸದಸ್ಯರ ಪ್ರಯಾಣದ ಟಿಕೆಟ್ ಆಗಿರುತ್ತದೆ. 224 ಜನರ ಸಭೆಗೆ ಕೋರಂ ಹತ್ತನೇ ಒಂದು, ಅಂದರೆ 23 ಜನ ಸಾಕು. ಕೃಷ್ಣೆಯ ಬಗ್ಗೆ ಮಾತಾಡುವಾಗ ಕುರ್ಚಿಗಳು ಖಾಲಿ ಕಾಣುವುದು ಮನಸ್ಸಿಗೆ ನೋವಾಗುವ ಸಂಗತಿ.

ಸರ್ವಾನುಮತ ಎಂಬ ಪದವನ್ನೂ ಜಾಗ್ರತೆಯಿಂದ ನೋಡಬೇಕು. 2022ರ ಡಿಸೆಂಬರಿನಲ್ಲಿ ಇದೇ ಬೆಳಗಾವಿಯಲ್ಲಿ ಗಡಿಯ ವಿಷಯದಲ್ಲಿ ಸದನ ಸರ್ವಾನುಮತದ ನಿರ್ಣಯ ಮಾಡಿತು. ಅದು ಬೇಕಾಗಿತ್ತು, ಆದರೆ ನಿರ್ಣಯಕ್ಕೆ ಹಣ ಒದಗಿಸಬೇಕಿಲ್ಲ, ಯಾರ ಲಾಭವೂ ಕಡಿಮೆಯಾಗಬೇಕಿಲ್ಲ. 2025ರ ಮಾರ್ಚ್ 21ರಂದು ಬೆಂಗಳೂರಿನಲ್ಲಿ ಶಾಸಕರ ಸಂಬಳ ಹೆಚ್ಚಿಸುವ ವಿಧೇಯಕ ಗದ್ದಲದ ನಡುವೆ ಚರ್ಚೆಯಿಲ್ಲದೆ ಪಾಸಾಯಿತು. ವಿರೋಧ ಪಕ್ಷದ 18 ಶಾಸಕರು ಅಮಾನತಾದದ್ದೂ ಅದೇ ದಿನ. ಎರಡೂ ಕಡೆಯವರು ಅಡ್ಡಿ ಮಾಡಲಿಲ್ಲ ಎಂಬುದನ್ನು ಪಕ್ಷ ಮೀರಿದ ನೀತಿ ಎಂದು ಕರೆಯಲು ನನಗೆ ಮನಸ್ಸಿಲ್ಲ. ಎದುರಿನವರ ಒಪ್ಪಿಗೆ ಪಡೆಯಲು ತಮ್ಮದೇ ಕಡೆಯವರ ಒಂದು ಹಿತವನ್ನಾದರೂ ಬಿಡಬೇಕಾಗಿ ಬಂದಾಗ ಆ ಹೆಸರು ಸಲ್ಲುತ್ತದೆ.

ನಿಮ್ಮ ಶಾಸಕರು ಆ ಮೂರನೆಯ ನಮೂನೆಯವರೋ ಅಲ್ಲವೋ ಎಂದು ನೋಡುವ ಬಗೆ ಇದೆ. ವಿಧಾನಮಂಡಲದ ಜಾಲತಾಣದಲ್ಲಿ ನಡವಳಿ, ಪ್ರಶ್ನೋತ್ತರ ಸಿಗುತ್ತವೆ. ಐದು ವರ್ಷದ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ಓದಿ. ಒಂದೇ ವಿಷಯ ಮೂರು ನಾಲ್ಕು ಅಧಿವೇಶನದಲ್ಲಿ ಬಿಡದೆ ಬಂದಿದೆಯೇ, ಸರ್ಕಾರ ಬದಲಾದ ಮೇಲೂ ಕೇಳಿದ್ದಾರೆಯೇ ಎಂದು ನೋಡಿ. ವಿರೋಧ ಪಕ್ಷದಲ್ಲಿದ್ದಾಗ ಕಬ್ಬಿನ ಬಾಕಿ ಕೇಳಿ, ಆಡಳಿತ ಪಕ್ಷಕ್ಕೆ ಬಂದ ಮೇಲೆ ನಿಲ್ಲಿಸಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿ ಇದ್ದಾರೆಯೇ ನೋಡಿ. ಅಲ್ಲಿ ಮಂತ್ರಿಗಳು ಇರುವಂತಿಲ್ಲ, ಅಧ್ಯಕ್ಷತೆ ವಿರೋಧ ಪಕ್ಷಕ್ಕೆ ಕೊಡುವ ರೂಢಿಯಿದೆ, ಮಹಾಲೇಖಪಾಲರ ವರದಿಯ ಒಂದೊಂದು ಕಂಡಿಕೆ ಹಿಡಿದು ಅಧಿಕಾರಿಗಳನ್ನು ಕೂರಿಸಿ ಕೇಳುತ್ತಾರೆ. ಅಲ್ಲಿ ಕೂತು ಕಲಿತವರಿಗೆ ಇಲಾಖೆಯ ಒಳಹೊರಗು ಗೊತ್ತಾಗುತ್ತದೆ.

ಮಂತ್ರಿಯ ಉತ್ತರದಲ್ಲಿ "ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು" ಎಂದಿದ್ದರೆ ಆ ಸಾಲಿನ ಕೆಳಗೆ ಗೆರೆ ಎಳೆಯಿರಿ. ಅದು ಭರವಸೆ, ಸರ್ಕಾರಿ ಭರವಸೆಗಳ ಸಮಿತಿ ಅಂಥವನ್ನು ಪಟ್ಟಿ ಮಾಡಿ ಬೆನ್ನು ಹತ್ತಬೇಕು. ನಿಮ್ಮ ಶಾಸಕರು ಮುಂದಿನ ಅಧಿವೇಶನದಲ್ಲಿ ಅದೇ ಸಾಲು ಹಿಡಿದು ಎದ್ದು ನಿಂತರೇ ನೋಡಿ. ಕಾಯ್ದೆ ಪಾಸಾಗಿದ್ದರೆ ಅದರ ಮೊದಲ ಪ್ರಕರಣ ಓದಿ. "ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸಬಹುದಾದ ದಿನಾಂಕದಂದು ಜಾರಿಗೆ ಬರತಕ್ಕದ್ದು" ಎಂದು ಬರೆದಿದ್ದರೆ ಆ ದಿನಾಂಕ ಗೊತ್ತಾಯಿತೇ, ನಿಯಮಗಳು ರಾಜ್ಯಪತ್ರದಲ್ಲಿ ಬಂದವೇ ಎಂದು ಕೇಳಿ. 1961ರ ಕಾಯ್ದೆ 1965ರ ಅಕ್ಟೋಬರಿನವರೆಗೆ ಕಾದದ್ದೂ ಆ ಒಂದು ದಿನಾಂಕಕ್ಕೇ.